ಖಂಡೋಜಿರಾವರ ಹವಾಪಾಲಟ

ನಮ್ಮ ಸೋದರಮಾವನಷ್ಟು ಕಾಯಿದೆ ಬಲ್ಲ ಮನುಷ್ಯ ಇಡೀ ಕೊಲ್ಲಾಪುರ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ! ವಕೀಲರು ದಯವಿಟ್ಟು ಸಿಟ್ಟಾಗಬಾರದು. ಅವರು ಯಾರೋ ಬರೆದಿಟ್ಟ ಕಾಯಿದೆಯನ್ನು ಓದಿ ಹೇಳುವವರು. ನಮ್ಮ ಮಾಮಾ ಹಾಗಲ್ಲ. ಬೇಕಾದ ಕಾಯಿದೆಯನ್ನು ಬೇಕಾದ ಹೊತ್ತಿಗೆ ನಿಂತ ನಿಲುವಿನಲ್ಲೇ ಮಾಡಿಬಿಡುತ್ತಿದ್ದ. ಮಳೆಯಲ್ಲಿ ಓಡಬಾರದು, ಓಡಿದರೆ ಮುಂದಿರುವ ಮಳೆಯೂ ನಮ್ಮ ಮೈಮೇಲೆ ಬೀಳುತ್ತದೆ. ಬೀಗರ ಮನೆಯಲ್ಲಿ ಒಂದು ಹೋಳಿಗೆ ಬೇಡವೆಂದರೆ ಬೀಗರಿಗೆ ಅವಮಾನ, ಎರಡು ಬೇಡವೆಂದರೆ ಹೋಳಿಗೆಗೆ ಅವಮಾನ. ಪೋಸ್ಟ್‌ಮನ್ ಎದುರಾದರೆ ನಾವೇ ಮೊದಲು ಮಾತಾಡಿಸಬೇಕು, ಇಲ್ಲದಿದ್ದರೆ ಬರುವ ಕಾಗದವೂ ಅರ್ಧ ದಾರಿಯಲ್ಲಿ ತಿರುಗಿ ಹೋಗುತ್ತದೆ.

"ಇವೆಲ್ಲಾ ಎಲ್ಲಿ ಬರದಾವ ಮಾಮಾ?" ಎಂದು ಒಮ್ಮೆ ಕೇಳಿದ್ದೆ.

"ಬರಿಯೂದು ಯಾಕ? ನನಗ ನೆನಪ ಐತಲ್ಲ!" ಎಂದಿದ್ದ.

ಗಡಹಿಂಗ್ಲಜದ ಹತ್ತಿರದ ಹಳ್ಳಿ ನಮ್ಮದು. ಕುರಿ ಸಾಕುವ ಮನೆತನ. ಮಾಮಾ ಮೂವತ್ತು ವರ್ಷ ಕುರಿಗಳ ಹಿಂದೆ ನಡೆದವನು. ಊರೂರಿನ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆಯನ್ನು ತರುಬಿ, ಅಲ್ಲೇ ಮೂರು ಕಲ್ಲು ಹೂಡಿ, ಅಲ್ಲೇ ಉಂಡು, ಅಲ್ಲೇ ಕಂಬಳಿ ಹಾಸಿ ಮಲಗಿದವನು. ಅವನ ಕಾಯಿದೆಗಳಲ್ಲಿ ಎಲ್ಲಕ್ಕಿಂತ ಹಳೆಯದೊಂದು ಊಟಕ್ಕೆ ಸಂಬಂಧಪಟ್ಟದ್ದು. ಅದನ್ನು ಮಾತ್ರ ಅವನು ಮಾಡಿದ್ದಲ್ಲ, ಅವನ ಅಪ್ಪ ಮಾಡಿದ್ದು. ರೊಟ್ಟಿಯ ಗಂಟು ಬಿಚ್ಚಿದರೆ ಮೊದಲ ರೊಟ್ಟಿ ಮಂದೆಯ ನಾಯಿಗೆ. ಅದನ್ನು ಮುರಿದು, ಕುರಿಯ ಹಾಲಿನಲ್ಲಿ ನೆನೆಸಿ ಇಡಬೇಕು. ನಾಯಿ ಉಂಡು ಬಾಯಿ ನೆಕ್ಕಿಕೊಂಡ ಮೇಲೆಯೇ ಮನುಷ್ಯರ ತುತ್ತು. ನಮ್ಮ ಅಪ್ಪ ಹೊಸ ಅಳಿಯನಾಗಿ ಒಮ್ಮೆ ಹೊಲಕ್ಕೆ ಹೋಗಿ, ಹಸಿದು ಕಂಗಾಲಾಗಿ, ನಾಯಿಯ ಊಟ ಮುಗಿಯುವುದನ್ನು ಕಾಯುತ್ತ ಕುಳಿತಿದ್ದನಂತೆ. ಆ ನಾಯಿ ಅವತ್ತು ಭಾಳ ಸಾವಕಾಶ ಉಂಡಿತು ಎಂದು ಸಾಯುವವರೆಗೂ ದೂರುತ್ತಿದ್ದ.

ನಾನು ಹೇಳಹೊರಟ ಕಾಲದಲ್ಲಿ, ಅಂದರೆ ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಮಂದೆಯ ಉಸ್ತುವಾರಿ ಇದ್ದದ್ದು ಖಂಡೋಜಿರಾವರ ಕೈಯಲ್ಲಿ. ಕೈಯಲ್ಲಿ ಅಂದರೆ ಕಾಲಲ್ಲಿ. ನಾಲ್ಕು ಕಾಲು, ಒಂದೂವರೆ ಕಿವಿ. ಉಳಿದ ಅರ್ಧ ಕಿವಿಯನ್ನು ಒಂದು ತೋಳ ಒಯ್ದಿತ್ತು. ಮಾಮಾ ತಹಸೀಲ್ದಾರರನ್ನೂ "ಏನ್ ಸಾಹೇಬಾ, ಎಂದ ಬಂದಿ?" ಎಂದು ಏಕವಚನದಲ್ಲೇ ಮಾತಾಡಿಸುವವನು. ನಾಯಿಯನ್ನು ಮಾತ್ರ ಒಂದು ದಿನವೂ ಏಕವಚನದಲ್ಲಿ ಕರೆದವನಲ್ಲ! "ಖಂಡೋಜಿರಾವ್, ಏಳ್ರಿ. ಆ ಕಡೆ ಎರಡ ಮರಿ ದಾರಿ ಬಿಟ್ಟಾವ, ಸ್ವಲ್ಪ ನೋಡ್ರಿ." ನಾಯಿಯೂ ಅಷ್ಟೇ ಗಾಂಭೀರ್ಯದಿಂದ ಎದ್ದು ಹೋಗಿ ನೋಡಿ ಬರುತ್ತಿತ್ತು.

ಇಂಥ ಮಾಮಾ ಆ ವರ್ಷ ದಸರೆಗೆ ಮಂದೆ ಮಾರಿದ. ಮೊಳಕಾಲು ಕೈಕೊಟ್ಟಿದ್ದವು. ಇದ್ದೊಬ್ಬ ಮಗಳು ಇಚಲಕರಂಜಿಯ ಮಗ್ಗದವರ ಮನೆ ಸೇರಿದ್ದಳು. ದಾನೋಳಿಯ ಕಡೆಯ ಒಬ್ಬ ಗಿರಾಕಿ ಬಂದು ಕುರಿಗಳನ್ನು ಟ್ರಕ್ಕಿಗೆ ಏರಿಸಿಕೊಂಡು ಹೋದ. ಮಾಮಾ ಒಂದಿಷ್ಟೂ ಅಳುಕಲಿಲ್ಲ. "ಮೂವತ್ತ ವರ್ಷ ನಡದೇನಿ, ಇನ್ನ ಕುಂಡ್ರತೇನಿ!" ಎಂದು ಗಡಹಿಂಗ್ಲಜದ ಸಂತೆಯಿಂದ ಒಂದು ಮಡಚುವ ಕುರ್ಚಿ ತಂದ. ಅದನ್ನು ಎಲ್ಲಿ ಹಾಕಿದ ಅಂತೀರಿ? ಅಂಗಳದಲ್ಲಿ? ಪಡಸಾಲೆಯಲ್ಲಿ? ಖಾಲಿಯಾದ ಕುರಿಹಟ್ಟಿಯ ನಟ್ಟನಡುವೆ! ಕುರ್ಚಿಯ ಪಕ್ಕದಲ್ಲಿ ಖಂಡೋಜಿರಾವರು ಮುಂಗಾಲಿನ ಮೇಲೆ ಮೂತಿಯಿಟ್ಟು ಮಲಗಿದರು. ಮಲಗಿದವರು ರೊಟ್ಟಿ ಮುಟ್ಟಲಿಲ್ಲ.

ಒಂದು ದಿನ ಆಯಿತು, ನಾಲ್ಕು ದಿನ ಆಯಿತು. ಬಲವಂತ ಮಾಡಿದರೆ ನಾಲ್ಕು ಸಲ ಹಾಲಿಗೆ ನಾಲಿಗೆ ಹಚ್ಚುವುದು, ಮುಖ ತಿರುಗಿಸುವುದು. ಪಕ್ಕೆಲುಬು ಎಣಿಸುವಂತಾದವು. ದೀಪಾವಳಿ ಪಾಡ್ಯ ಬಂತು. ಆ ದಿನ ನಮ್ಮ ಮಂದಿ ಕುರಿಗಳ ಮೈಗೆ ಕೆಮ್ಮಣ್ಣು ಬಳಿದು, ಕೊಂಬಿಗೆ ಗೊಂಡೆ ಕಟ್ಟಿ, ವಾದ್ಯ ಬಾರಿಸಿ ಓಡಿಸುತ್ತಾರೆ. ಮಾಮಾ ಪ್ರತಿ ವರ್ಷದಂತೆ ಬೆಳಿಗ್ಗೆ ಎದ್ದು ಬುಟ್ಟಿ ತುಂಬ ಕೆಮ್ಮಣ್ಣು ಕಲಸಿದ. ಕಲಸಿದ ಮೇಲೆ ಬಳಿಯಲು ಕುರಿ ಇಲ್ಲವೆಂಬುದು ನೆನಪಾಯಿತು. ಬೇರೆ ಯಾರಾದರೂ ಆಗಿದ್ದರೆ ಬುಟ್ಟಿಯನ್ನು ಬದಿಗಿಡುತ್ತಿದ್ದರು. ನಮ್ಮ ಮಾಮಾ ಹೊಸ ಕಾಯಿದೆ ಮಾಡಿದ: ಕಲಸಿದ ಬಣ್ಣ ಕೆಡಿಸಬಾರದು. ಖಂಡೋಜಿರಾವರ ಬೆನ್ನಿನ ಮೇಲೆ ಎರಡೂ ಅಂಗೈಯಿಂದ ಕೆಮ್ಮಣ್ಣು ಬಳಿದುಬಿಟ್ಟ. ಕುತ್ತಿಗೆಯಿಂದ ಬಾಲದವರೆಗೆ ನಾಯಿ ಕೆಂಪಗಾಯಿತು.

ಹಬ್ಬ ಮುಗಿದ ಮೇಲೆ ಮಾಮಾ ಗಡಹಿಂಗ್ಲಜದ ದನದ ಡಾಕ್ಟರರಿಗೆ ತೋರಿಸಿದ. ಡಾಕ್ಟರು ಬಾಯಿ ನೋಡಿದರು, ಹೊಟ್ಟೆ ಒತ್ತಿದರು, ರೋಗವೇನೂ ಇಲ್ಲವೆಂದರು. ಕೈ ತೊಳೆಯುತ್ತ, ನಗುತ್ತ, "ಪನ್ಹಾಳಕ್ಕ ಕರಕೊಂಡ ಹೋಗಿ ನಾಕ ದಿನ ಹವಾಪಾಲಟ ಮಾಡಿಸ್ರಿ ಮಾಮಾ," ಎಂದರು. ಆ ಕಾಲದಲ್ಲಿ ಕೊಲ್ಲಾಪುರದ ಸಾವುಕಾರರಿಗೆ ಕೆಮ್ಮು ಬಂದರೆ ಡಾಕ್ಟರು ಹೀಗೆ ಹವಾ ಬದಲಿಸಲು ಗುಡ್ಡಕ್ಕೆ ಕಳಿಸುತ್ತಿದ್ದರು. ನಮ್ಮ ಡಾಕ್ಟರು ಹೇಳಿದ್ದು ಚೇಷ್ಟೆಗೆ. ಮಾಮಾ ಕೇಳಿಸಿಕೊಂಡದ್ದು ಔಷಧಿ ಚೀಟಿಯಂತೆ.

ಮನೆಯಲ್ಲಿ ಅತ್ತೆ ಹಣೆ ಹಣೆ ಬಡಿದುಕೊಂಡಳು. "ನಾಯಿಗೆ ಹವಾಪಾಲಟ! ಈ ಮನಿಗೆ ಬಂದ ಮೂವತ್ತ ವರ್ಷ ಆತು. ನನ್ನ ಹವಾ ಯಾರ್ ಪಾಲಟ ಮಾಡಿಸ್ಯಾರ?"

"ನೀ ಎರಡ ಹೊತ್ತ ಉಣ್ಣತಿ," ಎಂದ ಮಾಮಾ. "ಉಣ್ಣೂದ ಬಿಡು, ನಿನ್ನೂ ಒಯ್ತೇನಿ."

ಇದರಲ್ಲಿ ನಾನು ಸಿಕ್ಕಿಕೊಂಡದ್ದು ಹೇಗೆ? ನಾನಾಗ ಅಲ್ಲೇ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿ. ದೀಪಾವಳಿಯ ರಜೆ ನಡೆದಿತ್ತು. ಫಲಕ ಓದಲು, ಅರ್ಜಿ ಬರೆಯಲು, ಮರಾಠಿಯಲ್ಲಿ ಬಿರುಸಾಗಿ ಜಗಳವಾಡಲು ಒಬ್ಬರು ಬೇಕು ಎಂದು ಮಾಮಾ ನನ್ನನ್ನು ಹೊರಡಿಸಿದ. ಅತ್ತೆ ಐವತ್ತು ಖಡಕ್ ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಒಣಗಿದ ಆ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ, ನಿಜ. ಆದರೂ ಐವತ್ತೇ! ಬಾಗಿಲಲ್ಲಿ ನನ್ನ ಕೈ ಹಿಡಿದು, "ತಂಗಿ, ಇಬ್ಬರ ಕಡೆನೂ ಲಕ್ಷ್ಯ ಇರಲಿ," ಎಂದು ಪಿಸುಗುಟ್ಟಿದಳು. ನಾಯಿಯ ಮೇಲೆ ಸರಿ, ಈ ಘನವಾದ ಗಂಡಸಿನ ಮೇಲೆ ಎಂಥ ಲಕ್ಷ್ಯ ಇಡುವುದು ಎಂದು ನಗುತ್ತ ಹೊರಟೆ.

ಹವಾಪಾಲಟಕ್ಕೆ ಹೊರಟವರು ಮಗಳ ಮನೆ ದಾಟಿ ಹೋಗಬಾರದು ಎಂಬ ಕಾಯಿದೆ ಇದ್ದುದರಿಂದ ಮೊದಲು ಇಚಲಕರಂಜಿಯ ಬಸ್ಸು ಹಿಡಿದೆವು. ಕೆಂಪು ಬಸ್ಸು, ಕೆಂಪು ನಾಯಿ. ಕಂಡಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಾಕಿ, "ಕುತ್ರಂ ಚಾಲಣಾರ ನಾಹಿ, ಪಾವ್ಣಂ!" ಎಂದ. ನಾಯಿ ನಡೆಯುವುದಿಲ್ಲ ಎಂದು ಅರ್ಥ.

"ಯಾಕ ನಡಿಯೂದಿಲ್ಲ? ಮೂವತ್ತ ಹರದಾರಿ ನಡೀತಾರ!" ಎಂದ ಮಾಮಾ. "ಮೊಳಕಾಲು ನಂದು ಹೋಗ್ಯಾವ, ಅವರದಲ್ಲ. ಅರ್ಧಾ ತಿಕೀಟು ಹರಿ."

ಹಿಂದೆ ನಿಂತ ಜನ ನೂಕತೊಡಗಿದರು. ಕಂಡಕ್ಟರ್ ತನ್ನ ಚೀಲದಿಂದ ಒಂದು ಪುಸ್ತಕ ತೆಗೆದು ಪುಟ ತಿರುವಿದ. ಮಾಮಾ ಏನೂ ತೆಗೆಯದೆ ತನ್ನ ತಲೆಯೊಳಗಿನ ಪುಸ್ತಕ ತಿರುವಿದ. ಕಾಯಿದೆಗೆ ಕಾಯಿದೆ ನಿಂತವು. ಮಾಮಾನದು ಬಾಯಿಪಾಠ ಆಗಿದ್ದರಿಂದ ಅವನೇ ಬೇಗ ಮುಗಿಸಿದ. ಅರ್ಧ ಟಿಕೇಟು ಹರಿಯಿತು, ಆದರೆ ನಾಯಿ ಸೀಟಿನ ಮೇಲೆ ಕೂಡಬಾರದು ಎಂದು ಕಂಡಕ್ಟರ್ ಹಟ ಹಿಡಿದ. ಮಾಮಾ ಅರ್ಧ ಟಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ತೀರ್ಪು ಕೊಟ್ಟ: ಅರ್ಧ ಟಿಕೇಟಿಗೆ ಅರ್ಧ ನಾಯಿ! ಕಿಟಕಿಗೆ ಮಾಮಾ, ಈ ತುದಿಗೆ ನಾನು, ನಡುವೆ ಸೀಟಿನ ಮೇಲೆ ಖಂಡೋಜಿರಾವರ ಮುಂಗಾಲು ಮತ್ತು ತಲೆ. ಹಿಂಗಾಲು ಕೆಳಗೆ ನೆಲದ ಮೇಲೆ. ಇಚಲಕರಂಜಿಯವರೆಗೂ ಅವರು ಹೀಗೆ ಅರ್ಧ ಕುಳಿತು ಅರ್ಧ ನಿಂತು ಬಂದರು. ಇಡೀ ಬಸ್ಸು ನಮ್ಮನ್ನೇ ನೋಡುತ್ತಿತ್ತು, ನಾನು ಯಾರೋ ಬೇರೆಯವಳ ಹಾಗೆ ಆ ಕಡೆ ಮುಖ ಮಾಡಿ ಕುಳಿತಿದ್ದೆ.

ನಿಪ್ಪಾಣಿಯಲ್ಲಿ ಬಸ್ಸು ನಿಂತಾಗ ನಾನು ಬಿಸಿ ಭಜಿ ತಂದೆ. ಮಾಮಾ ಕೈ ಅಲ್ಲಾಡಿಸಿದ. "ಇವತ್ತ ರವಿವಾರ. ಖಂಡೋಬಾನ ಉಪವಾಸ." ಮಾಮಾ ಉಪವಾಸ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಪ್ರವಾಸಕ್ಕೆ ಹೊರಟರೆ ಭಕ್ತಿ ಬರುತ್ತದೇನೋ ಅಂದುಕೊಂಡು ಭಜಿಯನ್ನೆಲ್ಲ ನಾನೇ ತಿಂದೆ.

ಇಚಲಕರಂಜಿಯಲ್ಲಿ ಮಗಳ ಮನೆಯ ಗೋಡೆಗೆ ಹತ್ತಿಯೇ ಮಗ್ಗದ ಶೆಡ್ಡು. ಹಗಲೆಲ್ಲ ಖಟಾಖಟ್, ಖಟಾಖಟ್. ಆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ಮಗಳು ಅಪ್ಪ ಬಂದನೆಂಬ ಸಂಭ್ರಮದಲ್ಲಿ ಮರುದಿನ ಮಟನ್ ಮಾಡಿದಳು. ಒಂದು ತುಂಡನ್ನು ಖಂಡೋಜಿರಾವರ ಮೂಗಿನ ಮುಂದೆ ಹಿಡಿದಳು. ಅವರು ಕಣ್ಣು ಮುಚ್ಚಿದರು. ಮಗಳ ಕಣ್ಣಲ್ಲಿ ನೀರು ಬಂತು.

"ನೀ ಉಣ್ಣು ಅಪ್ಪಾ!" ಎಂದು ಕೂಗಿದಳು.

"ಸೋಮವಾರ!" ಎಂದು ಮಾಮಾ ತಿರುಗಿ ಕೂಗಿದ. "ಮಹಾದೇವಂದು!" ಒಂದು ಲೋಟ ಚಹಾ ಕುಡಿದ. ಚಹಾಕ್ಕೆ ಯಾವ ದೇವರ ತಕರಾರೂ ಇಲ್ಲ ಎಂಬುದು ಅವನ ಇನ್ನೊಂದು ಕಾಯಿದೆ.

ಸಂಜೆ ಪಾಳಿ ಬಿಟ್ಟಿತು. ಮಗ್ಗ ನಿಂತು, ಶೆಡ್ಡಿನ ಬಾಗಿಲು ತೆರೆದು, ತಲೆಯ ಮೇಲೆಲ್ಲ ಬಿಳಿ ಹತ್ತಿಯ ಧೂಳು ಹೊತ್ತ ಕೆಲಸಗಾರರು ಒಟ್ಟಿಗೆ ಹೊರಬಂದರು. ಖಂಡೋಜಿರಾವರು ತಟ್ಟನೆ ಎದ್ದು ನಿಂತರು! ಬಿಳಿ ತಲೆ, ದೊಡ್ಡ ಗುಂಪು, ಸಂಜೆಯ ಹೊತ್ತು. ನಾನು ಏನಾಗುತ್ತಿದೆ ಎಂದು ತಿಳಿಯುವುದರೊಳಗೆ ಅವರು ಓಣಿಯ ಆ ತುದಿಗೆ ಓಡಿ, ಒಂದು ಸುತ್ತು ಹಾಕಿ, ಅಷ್ಟೂ ಮಂದಿಯನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿದ್ದರು. ಕಚ್ಚಲಿಲ್ಲ, ಬೊಗಳಲಿಲ್ಲ, ಬರೀ ನೋಟದಲ್ಲೇ ನಿಲ್ಲಿಸಿದರು. ಬೀಡಿ ಹಚ್ಚಲು ಪಕ್ಕಕ್ಕೆ ಸರಿದ ಒಬ್ಬನನ್ನು ಮೂತಿಯಿಂದ ನೂಕಿ ಒಳಗೆ ಸೇರಿಸಿದರು.

"ಹೆದರಬ್ಯಾಡ್ರೋ! ಎಣಸಾಕತ್ತಾರ!" ಎಂದು ಮಾಮಾ ಅಭಿಮಾನದಿಂದ ಕೂಗಿದ.

ಶೆಡ್ಡಿನ ಮುಕಾದಮ ಹೊರಗೆ ಬಂದು ಬೆರಗಾದ. ಎಂಟು ವರ್ಷದಿಂದ ಈ ಮಂದಿಯನ್ನು ಒಂದು ಕಡೆ ನಿಲ್ಲಿಸಲು ತನಗಾಗಿಲ್ಲ, ಈ ನಾಯಿಯನ್ನು ಕೆಲಸಕ್ಕೆ ಬಿಡುತ್ತೀರಾ ಎಂದು ಕೇಳಿದ. ಎಲ್ಲರೂ ನಕ್ಕರು. ಖಂಡೋಜಿರಾವರು ಮಾತ್ರ ಒಬ್ಬೊಬ್ಬರ ಕಾಲನ್ನೇ ಮೂಸುತ್ತ ಬಂದು, ಕೊನೆಯವನನ್ನು ಮೂಸಿ, ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಾಲ ಇಳಿಬಿಟ್ಟು ಬಂದು ಮಾಮಾನ ಕಾಲ ಬಳಿ ಮಲಗಿಬಿಟ್ಟರು. ನಗು ತಾನಾಗಿ ನಿಂತಿತು.

ಮರುದಿನ ಕೊಲ್ಲಾಪುರ. ವಸತಿಗೃಹದ ಮ್ಯಾನೇಜರ್ ಎಂದರೆ ಸಾಮಾನ್ಯವಾಗಿ ಬಡಕಲು ಮನುಷ್ಯ, ಕಿವಿಯಲ್ಲಿ ಪೆನ್ಸಿಲ್. ಇವನು ಹಾಗಿರಲಿಲ್ಲ. ಕುತ್ತಿಗೆ ಕಾಣದ ಆಳು, ಮುದುಡಿ ಮುದ್ದೆಯಾದ ಕಿವಿ. ಕುಸ್ತಿಯ ಕಣದಲ್ಲಿ ವಯಸ್ಸು ಕಳೆದವನೆಂದು ಯಾರಾದರೂ ಹೇಳಬಹುದಿತ್ತು. ನಾಯಿ ಬೇಡ ಎಂದು ತಲೆಯಾಡಿಸಿದ.

"ಹೊರಗ ಏನ್ ಬರದೈತಿ? ಓದ ತಂಗಿ," ಎಂದ ಮಾಮಾ.

"ಕುಟುಂಬದವರಿಗೆ ಉತ್ತಮ ವ್ಯವಸ್ಥೆ," ಎಂದು ಓದಿದೆ.

"ಹಾಂ! ನಾವು ಕುಟುಂಬ. ಬರಕೋ ಪುಸ್ತಕದಾಗ. ಹೆಸರು ಖಂಡೋಜಿರಾವ. ಉದ್ಯೋಗ ಕುರಿ ಕಾಯೂದು. ಬಂದ ಕಾರಣ ಹವಾಪಾಲಟ."

ಮ್ಯಾನೇಜರ್ ಮೇಜಿನ ಮೇಲಿಂದ ಬಗ್ಗಿ ನೋಡಿದ. ಕೆಂಪು ಬೆನ್ನು ಕಣ್ಣಿಗೆ ಬಿತ್ತು. ಅವನ ಮುಖ ಬದಲಾಯಿತು. ಕೊಲ್ಲಾಪುರದಲ್ಲಿ ಮೈಗೆ ಕೆಂಪು ಮಣ್ಣು ಹತ್ತಿದೆ ಎಂದರೆ ಒಂದೇ ಅರ್ಥ. "ಕುಸ್ತಿ ತಾಲೀಮಿನದೇನ್ರಿ?" ಎಂದು ಕೇಳಿದ, ದನಿ ಇಳಿಸಿ.

"ತೋಳದ ಜೋಡಿ ಎರಡ ಕುಸ್ತಿ ಹಿಡದಾರ," ಎಂದ ಮಾಮಾ, ಕಣ್ಣು ಮಿಟುಕಿಸದೆ. "ಎರಡೂ ಚಿತ್! ಹೋದದ್ದು ಅರ್ಧಾ ಕಿವಿ."

ಕೋಣೆ ಸಿಕ್ಕಿತು! ಅಷ್ಟೇ ಅಲ್ಲ, ಮ್ಯಾನೇಜರ್ ತಾನೇ ಬಾದಾಮಿ ಅರೆದು ಹಾಕಿದ ಎಮ್ಮೆಯ ಹಾಲನ್ನು ಒಂದು ಹಿತ್ತಾಳೆ ಪರಾತದಲ್ಲಿ ತಂದು, ಖಂಡೋಜಿರಾವರ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಅವರು ದಾಕ್ಷಿಣ್ಯಕ್ಕೆ ನಾಲ್ಕು ಸಲ ನಾಲಿಗೆ ಹಚ್ಚಿ ಮುಖ ತಿರುಗಿಸಿದರು. ಮ್ಯಾನೇಜರ್ ತನ್ನ ಮುದ್ದೆ ಕಿವಿಯನ್ನು ಸವರಿಕೊಳ್ಳುತ್ತ ಬಹಳ ಹೊತ್ತು ನೋಡಿದ. "ನನಗ ಕುಸ್ತಿ ಬಿಡಿಸಿದಾಗ ನಾನೂ ಹಿಂಗ ಹಾಲ ಬಿಟ್ಟಿದ್ದೆ," ಎಂದ. "ಇವರಿಗೆ ಹವಾ ಅಲ್ಲ ಮಾಮಾ, ಅಖಾಡಾ ಬೇಕಾಗೇತಿ."

ಮಾಮಾ ಪರಾತವನ್ನು ಖಂಡೋಜಿರಾವರ ಮೂತಿಯ ಹತ್ತಿರಕ್ಕೆ ಇನ್ನೊಂದಿಷ್ಟು ಸರಿಸಿದ.

ಸಂಜೆ ರಂಕಾಳಾ ಕೆರೆಗೆ ಹೋದೆವು. ಸುತ್ತು ಹಾಕುವ ಗಂಡ ಹೆಂಡಿರು, ಕುದುರೆ ಸವಾರಿ, ಭೇಲಿನ ಗಾಡಿಗಳು. ನಾನು ಒಂದು ಪೊಟ್ಟಣ ಭೇಲು ತಂದು ಕೊಟ್ಟರೆ ಮಾಮಾ, "ಮಂಗಳವಾರ, ಅಂಬಾಬಾಯಿದು," ಎಂದ. ಆಮೇಲೆ ಗಾಳಿಯನ್ನು ಎರಡು ಸಲ ಮೂಸಿ, ರಂಕಾಳಾವನ್ನು ತಿರಸ್ಕರಿಸಿದ. "ಈ ಹವಾದಾಗ ಉಳ್ಳಾಗಡ್ಡಿ ವಾಸನಿ ಐತಿ. ಇದು ಪಾಲಟ ಅಲ್ಲ." ಮ್ಯಾನೇಜರನ್ನು ಕೇಳಿದ್ದಕ್ಕೆ ಅವನು ಪನ್ಹಾಳದ ಆಚೆಯ ಗುಡ್ಡದ ಮೇಲೆ ಒಂದು ಕೆರೆ ಇದೆ, ಮನುಷ್ಯರು ಹೋಗುವುದು ಕಡಿಮೆ, ನಾಯಿಗಳಿಗೆ ಯಾರೂ ತಕರಾರು ಮಾಡುವುದಿಲ್ಲ ಎಂದ.

ಬುಧವಾರ ಪನ್ಹಾಳ ಹತ್ತಿದೆವು. ಬುಧವಾರದ ಉಪವಾಸ ಪಾಂಡುರಂಗಂದು! ನಾನು ಜುಣಕ ಭಾಕರಿ ಹೊಡೆಯುತ್ತಿದ್ದರೆ ಮಾಮಾ ಎದುರಿಗೆ ಕುಳಿತು ನಾಲ್ಕು ಶೇಂಗಾ ಬಾಯಿಗೆ ಹಾಕಿಕೊಂಡ. "ಮಾಮಾ, ಹಿಂಗಾದ್ರ ಮೂವತ್ತಮೂರು ಕೋಟಿ ದೇವರೂ ನಿನಗ ಸಾಲೂದಿಲ್ಲ," ಎಂದೆ. ಅವನು ನಕ್ಕ. ನಕ್ಕಾಗ ಅವನ ಕೆನ್ನೆಯ ಗುಳಿ ಎಷ್ಟು ಆಳವಾಗಿತ್ತು ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಮಕ್ಕಳಿಗೆ ಪಾಠ ಹೇಳುವವರ ಬುದ್ಧಿ ರಜೆಯಲ್ಲಿ ಇಷ್ಟೇ.

ಗುರುವಾರ ಬೆಳಿಗ್ಗೆ ಗುಡ್ಡದ ಹಾದಿ ಹಿಡಿದೆವು. ಮಾಮಾ ಹತ್ತು ಹೆಜ್ಜೆಗೆ ಒಮ್ಮೆ ನಿಂತು, ಸುತ್ತಲಿನ ನೋಟ ಚೆನ್ನಾಗಿದೆ ಎನ್ನುತ್ತಿದ್ದ. ಎದುರಿಗೆ ಬರೀ ಕಲ್ಲುಬಂಡೆ ಇದ್ದಾಗಲೂ ನೋಟ ಚೆನ್ನಾಗಿದೆ ಎಂದ! ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ಖಂಡೋಜಿರಾವರು, ನೆರಳಿನ ಹಾಗೆ. ಹನ್ನೊಂದರ ಹೊತ್ತಿಗೆ ಮೇಲೆ ಮುಟ್ಟಿದೆವು. ಅಂಗೈಯಂತೆ ಸಪಾಟಾದ ಬಯಲು, ಮೊಳಕಾಲೆತ್ತರದ ಹುಲ್ಲು, ನಡುವೆ ತುಂಬಿ ನಿಂತ ನೀಲಿ ಕೆರೆ. ಭಾಳ ಚಂದ. ನಾನು ಬ್ಯಾಗನ್ನು ಇಳಿಸಿ, ಇನ್ನು ಇಲ್ಲಿ ಕುಳಿತು ಹವಾ ತಿನ್ನುವುದೊಂದೇ ಕೆಲಸ ಎಂದು ಕಾಲು ಚಾಚಿದೆ.

ಆಗ ಕೆರೆಯ ಆಚೆ ದಂಡೆಯಿಂದ ಗಂಟೆಯ ಸದ್ದು ಬಂತು.

ಕುರಿಗಳು! ಮಧ್ಯಾಹ್ನದ ನೀರಿಗೆ ಮಂದೆ ಇಳಿಯುತ್ತಿತ್ತು. ಕರಿಯವು, ಬಿಳಿಯವು, ಪಾಡ್ಯದಂದು ಬಳಿದ ಕೆಮ್ಮಣ್ಣು ಇನ್ನೂ ಅರ್ಧ ಉಳಿದ ಬೆನ್ನುಗಳು. ಖಂಡೋಜಿರಾವರ ಒಂದೂವರೆ ಕಿವಿ ನೆಟ್ಟಗಾಯಿತು. ಮೈ ನಡುಗತೊಡಗಿತು. ಆದರೆ ಓಡಲಿಲ್ಲ. ತಿರುಗಿ ಮಾಮಾನ ಮುಖ ನೋಡಿದರು. ಇನ್ನೂ ಅಪ್ಪಣೆ ಆಗಿರಲಿಲ್ಲವಲ್ಲ.

ಮಾಮಾ ಕೈ ಎತ್ತಿ ಆಚೆ ದಂಡೆ ತೋರಿಸಿದ. "ಖಂಡೋಜಿರಾವ್," ಎಂದ. "ಆ ಕಡೆ ಎರಡ ಮರಿ ದಾರಿ ಬಿಟ್ಟಾವ. ಸ್ವಲ್ಪ ನೋಡ್ರಿ."

ಹತ್ತಿರ ಹತ್ತಿರ ಒಂದು ತಿಂಗಳು ರೊಟ್ಟಿ ಮುಟ್ಟದ ನಾಯಿ ಅದು ಎಂದು ಆಗ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಹುಲ್ಲು ಸೀಳಿಕೊಂಡು ಕೆರೆಯನ್ನು ಸುತ್ತಿ, ದಾರಿ ಬಿಟ್ಟ ಎರಡು ಮರಿಗಳನ್ನು ತಾಯಂದಿರ ಮಗ್ಗುಲಿಗೆ ಸೇರಿಸಿ, ಇಡೀ ಮಂದೆಯ ಹೊರಗೆ ಒಂದು ದೊಡ್ಡ ಸುತ್ತು ಹಾಕಿ ನಿಂತರು. ಆ ಮಂದೆಯ ಮುದಿ ನಾಯಿ ಗುರ್ರೆಂದಿತು. ಮಂದೆಯ ಯಜಮಾನ, ಕಂಬಳಿ ಹೊದ್ದ ನಡುವಯಸ್ಸಿನ ಮನುಷ್ಯ, ಕೋಲೆತ್ತಿದವನು ಹಾಗೇ ಕೆಳಗಿಳಿಸಿದ. ಖಂಡೋಜಿರಾವರ ಬೆನ್ನ ಮೇಲಿನ ಕೆಮ್ಮಣ್ಣನ್ನು ನೋಡಿದ. ಮಾಮಾನ ಖಾಲಿ ಕೈಯನ್ನು ನೋಡಿದ. ಈ ಐದು ದಿನ ಎಷ್ಟೋ ಮಂದಿ ಆ ಬಣ್ಣ ನೋಡಿದ್ದರು, ನಕ್ಕಿದ್ದರು, ಕುಸ್ತಿಯ ಮಣ್ಣು ಎಂದಿದ್ದರು. ಈತ ನಗಲಿಲ್ಲ.

"ಕುರಿ ಮಾರೀರೇನ್ರಿ?" ಎಂದು ಕನ್ನಡದಲ್ಲೇ ಕೇಳಿದ. ನಾಂದಣಿಯ ಕಡೆಯವನಂತೆ.

ಮಾಮಾ ಹೌದೆಂದು ತಲೆಯಾಡಿಸಿದ.

ಆತ ಒಂದು ಕುರಿಯನ್ನು ಹಿಡಿದು ತಂಬಿಗೆಯಲ್ಲಿ ಹಾಲು ಕರೆದ. ಮಾಮಾ ಅತ್ತೆಯ ಗಂಟನ್ನು ಮೊದಲ ಸಲ ಬಿಚ್ಚಿದ. ಮೇಲಿನ ರೊಟ್ಟಿಯನ್ನು ಚೂರು ಚೂರು ಮುರಿದು, ಕಲ್ಲಿನ ಒಂದು ತಗ್ಗಿನಲ್ಲಿ ಹಾಕಿ, ಬಿಸಿ ಹಾಲು ಸುರಿದು, "ಬರ್ರಿ," ಎಂದ. ಖಂಡೋಜಿರಾವರು ಬಂದರು. ಮೂಸಿದರು. ಉಂಡರು! ಕಲ್ಲನ್ನೂ ನೆಕ್ಕಿದರು. ಮಾಮಾ ಇನ್ನೊಂದು ರೊಟ್ಟಿ ಮುರಿದ, ಅದೂ ಹೋಯಿತು. ಬಾಯಿ ನೆಕ್ಕಿಕೊಂಡು ಮಂದೆಯ ಕಡೆಗೆ ಹೊರಟುಹೋದರು, ಕೆಲಸಕ್ಕೆ ತಡವಾದವರ ಹಾಗೆ.

ಅವರು ಅತ್ತ ಹೋದರೋ ಇಲ್ಲವೋ, ಮಾಮಾ ಗಂಟಿಗೆ ಕೈ ಹಾಕಿದ. ಒಂದು ರೊಟ್ಟಿ. ಎರಡು. ಚಟ್ನಿಯ ಡಬ್ಬಿ ಅರ್ಧವಾಯಿತು. ಮೂರು, ನಾಲ್ಕು. ಅಗಿಯುವ ಸದ್ದು ನನ್ನವರೆಗೆ ಕೇಳುತ್ತಿತ್ತು.

"ಮಾಮಾ, ಇವತ್ತ ಗುರುವಾರ!" ಎಂದೆ ನಾನು, ಚೇಷ್ಟೆಗೆ. "ದತ್ತಂದು ಉಪವಾಸ ಅಂತ ಮುಂಜಾನೆ ಹೇಳಿದ್ದಿ!"

"ಅವ್ರ ಉಂಡ್ರಲ್ಲ ತಂಗಿ," ಎಂದ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. "ಇನ್ನ ನಂದೇನ್ ಉಪವಾಸ?"

ಆಗ ನನಗೆ ಎಲ್ಲ ತಿಳಿಯಿತು. ಖಂಡೋಬಾ, ಮಹಾದೇವ, ಅಂಬಾಬಾಯಿ, ಪಾಂಡುರಂಗ, ಯಾರೂ ಈ ಉಪವಾಸ ಕೇಳಿರಲಿಲ್ಲ. ಇದು ಅವನ ಅಪ್ಪ ಮಾಡಿದ ಆ ಒಂದು ಕಾಯಿದೆ. ದಸರೆಯಿಂದ ಅವನು ಚಹಾ ಮತ್ತು ನಾಲ್ಕು ಕಾಳಿನ ಮೇಲೆ ಜೀವ ಹಿಡಿದಿದ್ದ. ಅತ್ತೆಗೆ ಗೊತ್ತಿತ್ತು, ಅದಕ್ಕೇ ಐವತ್ತು ರೊಟ್ಟಿ. ನಾನು ಮಾತ್ರ ಅವನೆದುರಿಗೆ ಭಜಿ, ಭೇಲು, ಜುಣಕ ಎಲ್ಲ ತಿಂದು, ಮೇಲೆ ಅವನನ್ನೇ ಆಡಿಕೊಂಡಿದ್ದೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಹೊತ್ತು ಇಳಿಯುವ ಮೊದಲೇ ಕೆಳಗಿಳಿಯಬೇಕಿತ್ತು. ಮಂದೆಯವನು ಮಾಮಾನ ಪಕ್ಕ ಕುಳಿತು, ತನ್ನ ನಾಯಿ ಮುದಿಯಾಗಿದೆ, ಇವನನ್ನು ಬಿಟ್ಟು ಹೋದರೆ ಮಗನ ಹಾಗೆ ನೋಡಿಕೊಳ್ಳುತ್ತೇನೆ ಎಂದ. ಮಾಮಾ ಮಂದೆಯ ಕಡೆ ತಿರುಗಿದ. ಅಲ್ಲಿ ಖಂಡೋಜಿರಾವರು ಒಂದು ಹಟಮಾರಿ ಆಡಿನ ಜೊತೆ ಪೂರ್ತಿ ಮುಳುಗಿದ್ದರು.

"ಮಗನ ಹಂಗ ಬ್ಯಾಡ," ಎಂದ ಮಾಮಾ. "ಹಿರಿಯರ ಹಂಗ ನೋಡ್ಕೋ. ಮೊದಲ ರೊಟ್ಟಿ ಅವರದು. ಮತ್ತ, ಏಕವಚನದಾಗ ಕರೀಬ್ಯಾಡ. ‘ರೀ’ ಅನ್ನು."

"ಹೌದ್ರಿ," ಎಂದ ಆತ. ನಗದೆಯೇ ಅಂದ. ಉಳಿದ ರೊಟ್ಟಿಯ ಗಂಟನ್ನು ಮಾಮಾ ಅವನ ಕೈಗೆ ಕೊಟ್ಟ.

ಖಂಡೋಜಿರಾವರು ನಮ್ಮ ಹಿಂದೆ ಹಾದಿಯ ತಲೆಯವರೆಗೆ ಬಂದರು. ಅಲ್ಲಿ ನಿಂತು ಒಮ್ಮೆ ಮಾಮಾನನ್ನು, ಒಮ್ಮೆ ಕುರಿಗಳನ್ನು ನೋಡಿದರು. ಮಾಮಾ ಬಗ್ಗಿ ಅವರ ಅರ್ಧ ಕಿವಿಯನ್ನು ತಿಕ್ಕಿ, ಬೆನ್ನು ಸವರಿದ. ಕೆಮ್ಮಣ್ಣು ಅವನ ಅಂಗೈಗೆ ಹತ್ತಿತು. "ನಿಮ್ಮ ಕೆಲಸ ನೀವ್ ನೋಡ್ರಿ. ನಾ ಹೋಗಿ ಬರ್ತೇನಿ," ಎಂದ. ಅವರು ತಿರುಗಿ ಓಡಿದರು. "ನೋಡಿದೇನ? ಹಿಂದ ತಿರುಗಿ ಸುದ್ದಾ ನೋಡ್ಲಿಲ್ಲ. ಭಾಳ ಶಾಣ್ಯಾರು!" ಎಂದ ಮಾಮಾ ಹೆಮ್ಮೆಯಿಂದ. ಅವನು ಮಾತ್ರ ಪ್ರತಿ ತಿರುವಿನಲ್ಲೂ ನಿಂತು ನೋಟ ಚೆನ್ನಾಗಿದೆ ಎಂದ.

ಮರುದಿನ ಕೊಲ್ಲಾಪುರದಿಂದ ಗಡಹಿಂಗ್ಲಜದ ಬಸ್ಸು. ಕಿಟಕಿಗೆ ಮಾಮಾ, ತುದಿಗೆ ನಾನು. ಕಂಡಕ್ಟರ್ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಮಾಮಾ, "ಎರಡೂವರೆ," ಎಂದ.

ಕಂಡಕ್ಟರ್ ಸೀಟಿನ ಮೇಲೂ ಕೆಳಗೂ ನೋಡಿ, ಅರ್ಧ ಯಾರಿಗೆ ಎಂದು ಕೇಳಿದ. ಎಲ್ಲದಕ್ಕೂ ಕಾಯಿದೆ ಇದ್ದ ನನ್ನ ಮಾಮಾ ಕಿಟಕಿಯ ಹೊರಗೆ ಮುಖ ಮಾಡಿಕೊಂಡಿದ್ದ. "ಹರೀರಿ, ಎರಡೂವರೆನೇ," ಎಂದು ನಾನು ಹೇಳಿದೆ.

ಕಾಗಲದಲ್ಲಿ ಬಸ್ಸು ತುಂಬಿತು. ಒಬ್ಬ ದಪ್ಪನೆಯ ಹೆಂಗಸು ಬುಟ್ಟಿ ಹಿಡಿದು ಬಂದು, ನಮ್ಮಿಬ್ಬರ ನಡುವಿನ ಖಾಲಿ ಜಾಗ ನೋಡಿ, "ಒಂದೀಟ ಸರೀಯವ್ವಾ, ಕುಂಡ್ರತೇನಿ," ಎಂದಳು.

ನಾನು ಸರಿಯಲಿಲ್ಲ.

"ಇಲ್ಲೆ ಮಂದಿ ಅದಾರ್ರಿ," ಎಂದೆ.